ನೆಟ್ಟಗೆ ಉಳಿದ ಗುಂಡು

ಕಥೆ ಹೇಳುವುದು ನನಗೆ ಸರಿಯಾಗಿ ಬರುವುದಿಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಂದು ಮಾತು ಸಾಕಾಗುವಲ್ಲಿ ನಾಲ್ಕು ಹೇಳಿಬಿಟ್ಟರೆ, ಮೂರನ್ನು ಬಿಟ್ಟು ಓದಿಕೊಳ್ಳಿ.

ಹೊಳೆಯ ದಂಡೆಯಲ್ಲಿ ಮಾಚಯ್ಯ ಎಂಬ ಗುರುಗಳಿದ್ದರು. ಬೇಟೆಗೆ ತೋಟಾ ತುಂಬುವುದನ್ನು ಕಲಿಸುತ್ತಿದ್ದರು. ತೋಟಾ ಎಂದರೆ ಬರೀ ಗುಂಡಲ್ಲ. ಹಿತ್ತಾಳೆಯ ಕೇಸು, ಅದರ ಬುಡಕ್ಕೆ ಕಿಡಿ ಹೊತ್ತಿಸುವ ಕೇಪು, ಹೊಟ್ಟೆಗೆ ಮದ್ದು, ಬಾಯಿಗೆ ಗುಂಡು. ಇಷ್ಟೂ ಸೇರಿದರೆ ತೋಟಾ.

ಅಲ್ಲೊಂದು ಕಟ್ಟಳೆಯಿತ್ತು. ಶಿಷ್ಯ ತುಂಬಿದ ತೋಟಾವನ್ನು ಗುರು ತಿರುಗಿಸಿ ನೋಡಿ, ಒಪ್ಪಿದರೆ ಕೇಪಿನ ಮೇಲೆ ಕೆಂಪು ಅರಗಿನ ಚುಕ್ಕೆ ಇಡಬೇಕು. ಅರಗು ತೇವ ಒಳಹೋಗದಂತೆ ತಡೆಯುತ್ತದೆ. ಆದರೆ ಜನ ಅದನ್ನು ಗುರುವಿನ ಒಪ್ಪಿಗೆ ಎಂದೇ ನೋಡುತ್ತಿದ್ದರು. ಚುಕ್ಕೆಯಿಲ್ಲದ ತೋಟಾ ತಂದವನನ್ನು ಬೇಟೆಗೆ ಸೇರಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಿಷ್ಯ ಉತ್ತಯ್ಯ ಇಪ್ಪತ್ತು ತೋಟಾ ತುಂಬಿ ತಂದ. ಮರುದಿನ ಬೆಳಿಗ್ಗೆ ಬಿದಿರುಮೆಳೆಯಿಂದ ಹಂದಿ ಸೋವುವುದಿತ್ತು. ಸೋವುವುದೆಂದರೆ, ಕೆಲವರು ಮೆಳೆಯ ಆಚೆ ನಿಂತು ಕೂಗಿ ಬಡಿದು ಹಂದಿಯನ್ನು ಈಚೆ ಅಟ್ಟುವುದು. ಕೋವಿಯವರು ಈಚೆ ಕಾದಿರುತ್ತಾರೆ.

ಜಗಲಿಯಲ್ಲಿ ಗುರುಪತ್ನಿ ಚೋಂದಮ್ಮ ಅಕ್ಕಿ ಆರಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಇಂಥದೇ ಬೇಟೆಯಲ್ಲಿ ಅವರ ಒಬ್ಬನೇ ಮಗ ಬೆಳ್ಯಪ್ಪ ಹಂದಿಯ ಕೋರೆಗೆ ಸಿಕ್ಕಿ ಸತ್ತಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಮಾತು.

"ನಾಳೆ ಎರಡು ಹೊಡಿ ಮಗನೇ," ಎಂದರು ಅವರು. "ಒಂದು ನನ್ನ ಬೆಳ್ಯಪ್ಪನ ಹೆಸರಿಗೆ."

"ಆಗಲಿ ಅವ್ವ," ಎಂದ ಉತ್ತಯ್ಯ. ಅವರು ಅಕ್ಕಿಯ ಮೊರ ಎತ್ತಿಕೊಂಡು ಒಳಹೋದ ಮೇಲೆ ಅವನು ಗುರುಗಳ ಮುಂದೆ ಕೂತ.

ಗುರು ಒಂದು ತೋಟಾ ಎತ್ತಿ ನೋಡಿದರು. "ಈ ಗುಂಡನ್ನು ಯಾಕೆ ಆರಿಸಿದೆ?"

"ಕೋವಿಗೆ ಒಗ್ಗುತ್ತದೆ, ಗುರುಗಳೇ."

ಉತ್ತಯ್ಯನದು ಹೊಸ ರೈಫಲ್. ಒಂದು ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ಅದು ತಾನೇ ಎಳೆದುಕೊಳ್ಳುತ್ತದೆ. ಆ ರಭಸಕ್ಕೆ ಮೆತ್ತನೆಯ ಸೀಸದ ಚೂಪು ಮೂಗು ಜಜ್ಜಿ, ತೋಟಾ ಸಿಕ್ಕಿಕೊಳ್ಳುವುದುಂಟು. ಕಳೆದ ಸಲ ಹಾಗೇ ಆಯಿತು. ಹಂದಿ ಎದುರಿಗಿತ್ತು, ತೋಟಾ ಅಡ್ಡಡ್ಡ ಕೂತಿತ್ತು. ಉತ್ತಯ್ಯ ಹಲಸಿನ ಮರ ಹತ್ತಿದ.

"ಈಗ ಊರಲ್ಲಿ ನಾನು ಹಲಸಿನಯ್ಯ," ಎಂದ ಅವನು. "ಯಾವಾಗ ಹಣ್ಣಾಗ್ತೀಯ ಅಂತ ಹೆಂಗಸರೂ ಕೇಳ್ತಾರೆ."

ಗುರು ನಗಲಿಲ್ಲ. "ಅದಕ್ಕೆ?"

"ಅದಕ್ಕೇ ಪೂರ್ತಿ ತಾಮ್ರದ ಕವಚ ಇರೋ ಗುಂಡು. ಜಜ್ಜೋದಿಲ್ಲ, ಸಿಕ್ಕೋದಿಲ್ಲ. ಬೇಕಾದರೆ ಇಪ್ಪತ್ತನ್ನೂ ಹಾರಿಸಿ ತೋರಿಸ್ತೇನೆ."

"ಮೊಂಡು ಮೂಗಿನದು ಇದೆಯಲ್ಲ, ತುದಿಯಲ್ಲಿ ಚೂರೇ ಸೀಸ ಕಾಣುವಂಥದ್ದು. ಅದೂ ಸಿಕ್ಕುವುದಿಲ್ಲ."

"ಗುರಿಹಲಗೆಯಲ್ಲಿ ಅದು ನಾಲ್ಕು ಬೆರಳು ಚೆದುರುತ್ತದೆ, ಗುರುಗಳೇ. ಇದು ಒಂದೇ ಬೆರಳು."

"ಹಂದಿ ಎಷ್ಟು ಬೆರಳು ಅಗಲ?"

ಉತ್ತಯ್ಯ ತೋಟಾಗಳನ್ನು ಸಾಲಾಗಿ ಜೋಡಿಸತೊಡಗಿದ.

"ಕೋವಿಯನ್ನು ಕೇಳಿದೆ, ಹಲಗೆಯನ್ನೂ ಕೇಳಿದೆ. ಹಂದಿಯನ್ನು ಕೇಳಿದೆಯಾ?"

"ಸಾಯುವ ಹಂದಿ ಏನು ಹೇಳುತ್ತದೆ?" ಉತ್ತಯ್ಯನಿಗೆ ರೇಗಿತು. "ಚುಕ್ಕೆ ಇಡಿ. ಇಡೋದಿಲ್ಲ ಅಂದ್ರೆ ಹಾಗಂತ ಹೇಳಿಬಿಡಿ. ನಾಳೆ ನಾನು ಹೋಗದಿದ್ದರೆ ಆ ಹೆಸರು ಸಾಯೋತನಕ ಹೋಗೋದಿಲ್ಲ."

ಗುರು ಎದ್ದು, ಅಟ್ಟದಿಂದ ಒಂದು ತಗಡಿನ ಡಬ್ಬಿ ತಂದರು. ಮುಚ್ಚಳ ಕಿರ್ರೆಂದಿತು. ಅವರು ಒಳಬಾಗಿಲ ಕಡೆ ಒಮ್ಮೆ ನೋಡಿ, ಡಬ್ಬಿಯನ್ನು ಚಾಪೆಯ ಮೇಲೆ ಸುರಿದರು.

ಹಳೆಯ ಗುಂಡುಗಳು. ತಾನು ಹೊಡೆದ ಪ್ರಾಣಿಯ ಮೈಯಿಂದ ಗುಂಡನ್ನು ಹುಡುಕಿ ತೆಗೆದು ಇಟ್ಟುಕೊಳ್ಳುವುದು ಮಾಚಯ್ಯನವರ ಅಭ್ಯಾಸ. ಒಳಗೆ ಹೋಗಿ ಅದು ಏನಾಯಿತೆಂದು ನೋಡಿದರೆ ಮುಂದಿನದನ್ನು ಆರಿಸಲು ತಿಳಿಯುತ್ತದೆ. ಬಹಳಷ್ಟು ಅಣಬೆಯ ಹಾಗೆ ಅರಳಿ ವಿಕಾರವಾಗಿದ್ದವು. ಅರಳಿದ ಗುಂಡು ಮೈಯೊಳಗೇ ನಿಲ್ಲುತ್ತದೆ, ಅದಕ್ಕೆ ಹೆಚ್ಚಾಗಿ ಅವೇ ಸಿಗುವುದು.

"ಒಳ್ಳೆಯದೊಂದನ್ನು ಆರಿಸು," ಎಂದರು ಗುರು.

ಉತ್ತಯ್ಯ ಹೆಚ್ಚು ಹುಡುಕಲಿಲ್ಲ. ರಾಶಿಯಲ್ಲಿ ಒಂದೇ ಒಂದು ನೆಟ್ಟಗಿತ್ತು. ಮೂಗು ಜಜ್ಜಿರಲಿಲ್ಲ, ತಾಮ್ರ ಎಲ್ಲೂ ಹರಿದಿರಲಿಲ್ಲ. ಅವನು ಅದನ್ನು ಅಂಗೈಯಲ್ಲಿಟ್ಟು ನೋಡಿದ. ಮುಖ ಅರಳಿತು.

"ಇದು ನನ್ನ ಗುಂಡಿನ ಜಾತಿಯೇ! ಹೋದ ಹಾಗೇ ಬಂದಿದೆ ನೋಡಿ. ನೀವೂ ಇದನ್ನೇ ಆರಿಸಿದ್ದಿರಿ, ನನಗೆ ಮಾತ್ರ ಪಾಠ!"

"ಹೌದು. ನಾನೂ ಅದನ್ನೇ ಆರಿಸಿದ್ದೆ."

"ಯಾವ ಹಂದಿಯಿಂದ ತೆಗೆದಿರಿ?"

"ಹಂದಿಯಲ್ಲಿ ಅದು ನಿಲ್ಲಲಿಲ್ಲ."

ಉತ್ತಯ್ಯ ತಲೆಯೆತ್ತಿದ.

"ಹಂದಿಯ ಹಿಂದೆ ಬಿದಿರಿತ್ತು," ಎಂದರು ಗುರು. "ಅದರಲ್ಲೂ ನಿಲ್ಲಲಿಲ್ಲ. ಬಿದಿರಿನ ಹಿಂದೆ ಬೆಳ್ಯಪ್ಪ ಸೋವುತ್ತಿದ್ದ."



"ಕೋರೆ ಅಂತಾರಲ್ಲ ಎಲ್ಲರೂ..." ಉತ್ತಯ್ಯನ ದನಿ ಇಳಿದಿತ್ತು. "ಹಂದಿಯ ಕೋರೆ ಅಂತ..."

"ಮೊದಲು ಓಡಿಹೋದವನು ನಾನು. ಚೂರಿಯಿಂದ ಗುಂಡು ತೆಗೆದೆ. ತೆಗೆದ ಮೇಲೆ ಗಾಯ ಕೋರೆಯದ್ದರ ಹಾಗೆ ಕಂಡಿತು. ಬಂದವರು ಕೋರೆ ಎಂದರು. ನಾನು ಅಲ್ಲ ಎನ್ನಲಿಲ್ಲ."

ಉತ್ತಯ್ಯ ಆ ಗುಂಡನ್ನು ಡಬ್ಬಿಯೊಳಗೆ ಇಟ್ಟ. ಬೆರಳನ್ನು ಪಂಚೆಗೆ ಒರೆಸಿಕೊಂಡ. ನಾಳೆ ಬಿದಿರಿನ ಆಚೆ ಯಾರ್ಯಾರು ನಿಲ್ಲುತ್ತಾರೆಂದು ಅವನು ಯಾರನ್ನೂ ಕೇಳಿರಲಿಲ್ಲ. ತನ್ನ ಇಪ್ಪತ್ತು ತೋಟಾಗಳನ್ನು ಅರಗಿನ ಬಟ್ಟಲಿನಿಂದ ದೂರ ಸರಿಸಿದ.

"ಹಾಗಾದರೆ ಹೇಗೆ ಆರಿಸಲಿ, ಗುರುಗಳೇ?"

"ಮೂಗು, ತೂಕ, ಮದ್ದು ಎಲ್ಲ ಆಮೇಲೆ. ಮೊದಲು ಕೇಳಬೇಕಾದ್ದು ಏನೆಂದರೆ, ಗುಂಡು ನಿನ್ನ ಕೈಬಿಟ್ಟ ಮೇಲೆ ಅದು..."

"ಏನ್ರೀ!" ಒಳಗಿನಿಂದ ಚೋಂದಮ್ಮನವರ ಕೂಗು ಬಂತು. "ಕಡುಬು ಆರಿ ಕಲ್ಲಾಗ್ತಿದೆ. ಆ ಹಲಸಿನಯ್ಯನನ್ನೂ ಕರ್ಕೊಂಡು ಬನ್ನಿ!"

ಗುರು ಮಾತು ನಿಲ್ಲಿಸಿ, ನೆಲಕ್ಕೆ ಕೈಯೂರಿ ಎದ್ದರು. ಉತ್ತಯ್ಯ ಉಳಿದ ಗುಂಡುಗಳನ್ನು ಬಳಿದು ತುಂಬಿ ಮುಚ್ಚಳ ಎತ್ತಿಕೊಂಡ.

"ಸದ್ದಾಗದ ಹಾಗೆ ಮುಚ್ಚು," ಎಂದರು ಗುರು. "ಹನ್ನೊಂದು ವರ್ಷದಿಂದ ಅವಳಿಗೆ ಹಂದಿಯ ಮೇಲೆ ಮಾತ್ರ ಸಿಟ್ಟು."