ಗೋಡೆಯಾಚೆಯ ಹೊಂಗೆ

ಬಿಸಿನೀರು ಉಕ್ಕುವ ಒಂದು ಊರಿತ್ತು. ಕೀಲುನೋವಿನವರು, ಮೈಮೇಲೆ ಹುಣ್ಣಾದವರು, ಹೆತ್ತು ಸೊರಗಿದವರು ದೂರದೂರದಿಂದ ಬಂದು ಅಲ್ಲಿನ ಕುಂಡದಲ್ಲಿ ಮೀಯುತ್ತಿದ್ದರು. ಮಿಂದು ಮೇಲೆ ಬಂದರೆ ಸುಸ್ತು. ಒರಗೋಣವೆಂದರೆ ನೆರಳಿಲ್ಲ. ಸುತ್ತ ಬರೀ ಕಲ್ಲುನೆಲ.

ಕುಂಡದ ಪಕ್ಕದ ಆಶ್ರಮದಲ್ಲಿ ಅಡವಯ್ಯನವರೆಂಬ ಗುರುಗಳಿದ್ದರು. ಅವರು ಶಿಷ್ಯ ಸಿದ್ರಾಮನನ್ನು ಕರೆದು, "ಇವರಿಗೊಂದು ತೋಟ ಮಾಡಿಕೊಡು" ಎಂದರು.

ಸಿದ್ರಾಮ ಮನಸ್ಸಿಟ್ಟು ಮಾಡಿದ. ಕೆರೆಯ ಮಣ್ಣು ಹೊತ್ತು ತಂದು ಹರಡಿದ. ಬೇವು, ಸಂಪಿಗೆ, ಮಲ್ಲಿಗೆ ನೆಟ್ಟ. ಮೇಕೆಗಳು ನುಗ್ಗದಂತೆ ಸುತ್ತ ಎದೆಮಟ್ಟದ ಕಲ್ಲುಗೋಡೆ ಕಟ್ಟಿದ. ಗಿಡಗಳು ಆಳೆತ್ತರ ದಾಟಿದ ಮೇಲೆ ಜನ ಮಿಂದು ಬಂದು ಅಲ್ಲೇ ನಿದ್ದೆ ಹೋಗತೊಡಗಿದರು. ಮಲಗಿದವರನ್ನು ನೋಡುವಾಗ ಅವನ ಕಣ್ಣು ತೇವವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಗಂಗವ್ವ ಎಂಬ ಹೆಂಗಸು ಬಂದಳು. ಮೈತುಂಬ ಕೀವು ಸೋರುವ ಹುಣ್ಣು. ಮನೆಯವರು ಕೈಬಿಟ್ಟಿದ್ದರು. ಕುಂಡದಿಂದ ಹೊರಗೆ ಹರಿಯುವ ನೀರಿನಲ್ಲಿ ಮಿಂದು, ತೋಟದ ಬೇವಿನ ಕೆಳಗೆ ಕೂತಳು.

ಪಕ್ಕದಲ್ಲಿದ್ದವರು ಎದ್ದುಬಿಟ್ಟರು.

"ಆಕೆ ಇಲ್ಲಿ ಕೂತರೆ ನಾವು ಬರೋದು ಹೇಗೆ?" ಎಂದು ಸಿದ್ರಾಮನನ್ನು ಕೇಳಿದರು.

ಸಿದ್ರಾಮ ಹಿಂದೆಮುಂದೆ ನೋಡಿದ. ಕೊನೆಗೆ ಅವಳ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ.

"ಯವ್ವಾ, ತಪ್ಪು ತಿಳೀಬೇಡ. ಗೋಡೆಯ ಆಚೆ ಕೂರ್ತೀಯಾ? ಊಟ ಅಲ್ಲಿಗೇ ತಂದುಕೊಡ್ತೀನಿ."

"ಆತು ನನ್ನಪ್ಪ, ಅದಕ್ಯಾಕ ಇಷ್ಟು ಸಂಕಟ ಮಾಡ್ಕೋತಿ" ಎಂದಳು ಗಂಗವ್ವ. ಎದ್ದು, ತಾನು ಕೂತಿದ್ದ ಜಾಗದ ಮಣ್ಣನ್ನು ಕೈಯಿಂದ ಸವರಿ ಸಮ ಮಾಡಿ, ಗಂಟು ಎತ್ತಿಕೊಂಡು ಹೊರಗೆ ಹೋದಳು.

ಮರುದಿನ ಬೆಳಗ್ಗೆ ಗುರುಗಳು ಆಶ್ರಮದಲ್ಲಿರಲಿಲ್ಲ. ಸಿದ್ರಾಮ ಹುಡುಕುತ್ತ ಬಂದ. ಅವರು ಗೋಡೆಯ ಆಚೆ ಹಾರೆ ಹಿಡಿದು ಕಲ್ಲುನೆಲ ಅಗೆಯುತ್ತಿದ್ದರು. ಪಕ್ಕದಲ್ಲಿ ಒಂದು ಹೊಂಗೆಯ ಸಸಿ. ಸ್ವಲ್ಪ ದೂರದಲ್ಲಿ ಬಿಸಿಲಿಗೆ ಸೆರಗು ಮರೆಮಾಡಿಕೊಂಡು ಗಂಗವ್ವ.

"ಏನು ಮಾಡ್ತಿದ್ದೀರಿ ಅಯ್ಯಾ?"

"ತೋಟ."

"ತೋಟ ಒಳಗಿದೆಯಲ್ಲ!"

"ಗಂಗವ್ವ ಇಲ್ಲಿದ್ದಾಳಲ್ಲ."

ಸಿದ್ರಾಮನ ಮುಖ ಬಿಸಿಯಾಯಿತು. "ಇದು ಬಂಡೆ ಅಯ್ಯಾ. ಇಲ್ಲಿ ಏನೂ ಹತ್ತೋದಿಲ್ಲ."

"ಹೌದು, ಗಟ್ಟಿ ಇದೆ" ಎಂದು ಗುರುಗಳು ಮತ್ತೆ ಹಾರೆ ಎತ್ತಿದರು.

ಅವರು ಬೈಯಲಿಲ್ಲ. ಬಾ ಎಂದು ಕರೆಯಲೂ ಇಲ್ಲ. ಸಿದ್ರಾಮ ಒಳಗೆ ಹೋಗಿ ಮಲ್ಲಿಗೆಗೆ ನೀರು ಹಾಕಿದ. ಗೋಡೆಯಾಚೆಯಿಂದ ಹಾರೆಯ ಸದ್ದು ಕೇಳುತ್ತಲೇ ಇತ್ತು.

ಆ ಬೇಸಿಗೆಯೆಲ್ಲ ಗುರುಗಳು ಬಾವಿಯಿಂದ ಸಸಿಗೆ ನೀರಿನ ಕೊಡ ಹೊತ್ತರು. ವಯಸ್ಸಾದ ಮೈ, ದಾರಿಯಲ್ಲಿ ನಿಂತು ನಿಂತು ಬರುತ್ತಿದ್ದರು. ಗಂಗವ್ವ ಸಸಿಗೆ ಮುಳ್ಳು ಕಟ್ಟಿದಳು. ಸಿದ್ರಾಮ ದಿನಾ ಅವಳಿಗೆ ಊಟ ತಂದಿಡುತ್ತಿದ್ದ, ಸಸಿಯ ಕಡೆ ನೋಡದೆ ತಿರುಗುತ್ತಿದ್ದ. ರಾತ್ರಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುರುಗಳು ಕೊಡದ ಸಮೇತ ಎಡವಿ ಬಿದ್ದರು. ನೀರೆಲ್ಲ ಚೆಲ್ಲಿತು. ಮೊಣಕಾಲು ತರಚಿತು. ಗಂಗವ್ವ ಓಡಿ ಬಂದಳು. ಆದರೆ ತನ್ನ ಕೈ ನೋಡಿಕೊಂಡು ಹಿಂದೆ ಸರಿದಳು.

ಗುರುಗಳು ತಾವೇ ಕೈ ಚಾಚಿದರು. "ಎಬ್ಬಿಸವ್ವಾ."

ಅವಳು ಎಬ್ಬಿಸಿದಳು. ಅವಳನ್ನು ಯಾರಾದರೂ ಮುಟ್ಟಿ ವರ್ಷಗಳೇ ಆಗಿದ್ದವು. ಗುರುಗಳು ನಿಂತ ಮೇಲೂ ಆ ಕೈ ಬಿಡದೆ ಅತ್ತಳು.

ಸಿದ್ರಾಮ ಗೋಡೆಯ ಒಳಗಿನಿಂದ ನೋಡುತ್ತಿದ್ದ. ತೋಟದ ಬಾಗಿಲ ಕಡೆ ಸುತ್ತಿ ಹೋಗುವಷ್ಟು ತಾಳ್ಮೆ ಅವನಿಗೆ ಉಳಿಯಲಿಲ್ಲ. ಗೋಡೆ ಹಾರಿ ಬಂದ. ಬಿದ್ದ ಕೊಡ ಎತ್ತಿಕೊಂಡು ಬಾವಿಗೆ ಹೋದ.

ಹೊಂಗೆ ಹತ್ತಿತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಸಿದ್ರಾಮ ಗೋಡೆಯ ಕಲ್ಲುಗಳನ್ನೇ ಕಿತ್ತು ತಂದು ಮರಗಳ ಬುಡಕ್ಕೆ ಕಟ್ಟೆ ಕಟ್ಟಿದ. ಗಂಗವ್ವನ ಹುಣ್ಣುಗಳು ಕೆಲವು ಮಾಗಿದವು, ಕೆಲವು ಮಾಗಲಿಲ್ಲ. ಅವಳು ಅಲ್ಲೇ ಉಳಿದು ನೀರು ಹಾಕಿಕೊಂಡಿದ್ದಳು.

ಹೊಂಗೆಯ ನೆರಳು ದಟ್ಟವಾದಾಗ, ಹಿಂದೆ ಎದ್ದುಹೋಗಿದ್ದವರೂ ಅಲ್ಲಿಗೇ ಬಂದು ನಿಂತರು.

ಸಿದ್ರಾಮನಿಗೆ ಸಿಟ್ಟು ಬಂತು. "ಇವರನ್ನು ಕೂರಿಸಬೇಕಾ ಯವ್ವಾ?"

"ಕುಂದರ್ಲಿ ಬಿಡಪ್ಪಾ" ಎಂದಳು ಗಂಗವ್ವ, ಕಟ್ಟೆಯ ಮೇಲೆ ಸರಿದು ಜಾಗ ಕೊಡುತ್ತ. "ಬಿಸಲಾಗ ಬಂದಾರ."

ಅಂದು ಸಂಜೆ ಸಿದ್ರಾಮ ಗುರುಗಳ ಕಾಲು ಒತ್ತುತ್ತ ಕೂತಿದ್ದ. ಒತ್ತುತ್ತಲೇ ಕೇಳಿದ:

"ಅಯ್ಯಾ, ನಾನು ಆಕೆಯನ್ನು ಹೊರಗೆ ಕಳಿಸಿದ ದಿನ ನೀವು ಒಂದು ಮಾತು ಬೈದಿದ್ದರೆ ಸಾಕಿತ್ತು. ಆಗಲೇ ಒಳಗೆ ಕರೆದುಬಿಡ್ತಿದ್ದೆ. ಯಾಕೆ ಬೈಯಲಿಲ್ಲ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಬೈದಿದ್ದರೆ ಅವಳು ಒಳಗೆ ಬರ್ತಿದ್ದಳು ಮಗೂ. ನೀನು ಹೊರಗೆ ಬರಬೇಕಿತ್ತು."