ಉಪ್ಪು ಕರಗುವಷ್ಟು ಹೊತ್ತು

ಭೂಮಿ ಆಗಷ್ಟೇ ಆಗಿತ್ತು. ಗುಡ್ಡಗಳ ಮಣ್ಣು ಇನ್ನೂ ಹಸಿ. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೂ ಮಾತು ಬರುತ್ತಿತ್ತು. ಮಂಜಿಗೂ ಬರುತ್ತಿತ್ತು.

ಆಗ ಘಟ್ಟದ ತುದಿಯಲ್ಲಿ ಒಂದು ಊರು. ಊರಿನ ಪಡುವಣಕ್ಕೆ ಒಂದು ಬೋಳುಗುಡ್ಡ. ಗುಡ್ಡದಾಚೆ ಬರೀ ಮಂಜು. ಮಳೆಗಾಲದಲ್ಲೂ ಮಂಜು, ಬೇಸಗೆಯಲ್ಲೂ ಮಂಜು. ಭೂಮಿ ಅಲ್ಲಿಗೆ ಮುಗಿಯಿತು ಎಂದು ಊರಿನವರು ತಿಳಿದಿದ್ದರು. ಊರ ಹಳ್ಳ ಅಲ್ಲಿಂದಲೇ ಕೆಳಗೆ ಧುಮುಕುತ್ತಿತ್ತು. ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ, ಇನ್ನೂ ಗೊತ್ತಿಲ್ಲ ಎನ್ನುತ್ತಿತ್ತು. ಇಳಿದ ನೀರು ಮೇಲೆ ಬಂದು ಹೇಳಿದ್ದಿಲ್ಲ.

ಆ ಊರಿಗೆ ಸೋಮಿ ಸೊಸೆಯಾಗಿ ಬಂದಳು. ಅವಳದು ಕಡಲ ತಡಿ. ಗಂಡ ಈರ, ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಘಟ್ಟ ಜಾರಿ, ಹುಲಿಯ ಕಾಡಿನಲ್ಲಿ ಮೂರು ದಿನ ಅಲೆದು, ಕಡಲ ತಡಿಗೆ ಹೋಗಿ ಮುಟ್ಟಿದವನು. ಎಮ್ಮೆ ಸಿಗಲಿಲ್ಲ. ಹೆಂಡತಿ ಸಿಕ್ಕಳು.

ಸೋಮಿಯ ತವರಿನವರು ಉಪ್ಪು ತೆಗೆಯುವವರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಲೆಯ ಮೇಲೆ ಒಂದು ಬುಟ್ಟಿ ಉಪ್ಪು ಹೊರಿಸುವುದು ಅವರ ಪದ್ಧತಿ. ಅಲ್ಲಿ ಉಪ್ಪನ್ನು ಬಯಲಲ್ಲೇ ರಾಶಿ ಹಾಕಿ, ಮೇಲಿಷ್ಟು ಹುಲ್ಲು ಹೊದಿಸುತ್ತಾರೆ. ಸೋಮಿಯೂ ಗಂಡನ ಮನೆಯ ಅಂಗಳದಲ್ಲಿ ಹಾಗೇ ಮಾಡಿದಳು. ಅಲ್ಲಿದ್ದದ್ದು ಬಿಸಿಲು, ಇಲ್ಲಿರುವುದು ಮಂಜು ಎಂಬುದು ಅವಳಿಗೆ ಹೊಳೆಯಲಿಲ್ಲ.

ಮಾರನೆಯ ದಿನ ರಾಶಿ ಅರ್ಧವಾಯಿತು. ಅದರ ಮಾರನೆಯ ದಿನ ಅಂಗಳವೆಲ್ಲ ಕೆಸರು, ನಡುವೆ ಒಂದಿಷ್ಟು ಉಪ್ಪು. ಊರಿನವರು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ದ್ಯಾವಮ್ಮ ಮಾತ್ರ ನಗಲಿಲ್ಲ. ತವರಿನದು, ಚೆಲ್ಲಬಾರದು ಎಂದು ಗೊಣಗುತ್ತ, ಉಳಿದದ್ದನ್ನು ಬಳಿದು ಒಂದು ಗಡಿಗೆಗೆ ತುಂಬಿ ಒಲೆಯ ಮೇಲೆ ನೇತು ಹಾಕಿದಳು.

ಅವತ್ತು ಒಂದು ಸಂಗತಿ ಸೋಮಿಯ ಕಣ್ಣಿಗೆ ಬಿದ್ದಿತ್ತು. ಊರೆಲ್ಲ ಮಂಜು ಕವಿದಿದ್ದರೂ ಉಪ್ಪಿನ ರಾಶಿಯ ಸುತ್ತ ಮಾತ್ರ ತಿಳಿಯಾಗಿತ್ತು. ನಗುವವರ ನಡುವೆ ಅದನ್ನು ಯೋಚಿಸಲು ಪುರುಸೊತ್ತಾಗಲಿಲ್ಲ.

ಸೋಮಿ ಕಡಲಿನ ಸುದ್ದಿ ಹೇಳುತ್ತಿದ್ದಳು. ಆಚೆ ದಡವಿಲ್ಲದ ನೀರು. ದಿನಕ್ಕೆರಡು ಸಲ ಹಿಂದೆ ಹೋಗಿ ಮುಂದೆ ಬರುವ ನೀರು. ಆ ನೀರೂ ಅಂಗಳದ ಉಪ್ಪಿನ ಹಾಗೆ ಕರಗಿ ಹೋಯಿತೇ ಎಂದು ಜನ ಕೇಳುತ್ತಿದ್ದರು. ಈರನನ್ನು ಕೇಳಿದರೆ ಅವನು ಕಡಿಮೆ ಮಾತಿನವನು. ಹೂಂ, ಇದೆ, ಅಂದ. ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ ಎಂದು ಅವನನ್ನು ನೋಡಿಯೂ ನಕ್ಕರು.

ಒಬ್ಬಳು ಮಾತ್ರ ನಂಬಿದ್ದಳು. ಸೋಮಿಯ ಮಗಳು ತುಂಗಿ. ಹುಟ್ಟಿದಾಗಿನಿಂದ ಕಡಲಿನ ಸುದ್ದಿ ಕೇಳಿಕೊಂಡೇ ಉಂಡವಳು.

ತುಂಗಿಗೆ ಆರು ವರ್ಷವಾಯಿತು. ಒಂದು ಬೆಳಿಗ್ಗೆ ಆಡಲು ಹೋದವಳು ಬೇಗ ಮರಳಿದಳು. ಹೊಸಿಲಲ್ಲೇ ನಿಂತಳು.

"ಅಮ್ಮ, ಇನ್ನು ಕಡಲಿನ ಕಥೆ ಹೇಳಬೇಡ. ನಂಗೂ ನಾಚಿಕೆ ಆಗ್ತದೆ."

ಊರೆಲ್ಲ ನಕ್ಕಾಗ ಸೋಮಿಗೆ ಏನೂ ಆಗಿರಲಿಲ್ಲ. ಈ ಮಾತಿಗೆ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಎದ್ದು ನೆಟ್ಟಗೆ ಬೋಳುಗುಡ್ಡ ಹತ್ತಿದಳು.

ಸ್ವಲ್ಪ ಸರಿ, ಮಗಳಿಗೆ ಒಂದು ಸಲ ತೋರಿಸಬೇಕು ಎಂದು ಮಂಜನ್ನು ಕೇಳಿದಳು. ಮಂಜು ಮಗ್ಗುಲು ಬದಲಿಸಿತು. ಸರಿದು ತನಗೆ ಅಭ್ಯಾಸವಿಲ್ಲ ಎಂದಿತು. ಸೋಮಿ ಬೇಡಿದಳು. ಬೈದಳು. ಮಂಜು ಇನ್ನಷ್ಟು ದಪ್ಪವಾಯಿತು.

ಅಷ್ಟರಲ್ಲಿ ಕಡಲ ಗಾಳಿ ಘಟ್ಟ ಹತ್ತಿ ಬಂತು. ಸೋಮಿಗೆ ಅದರ ಮೀನಿನ ವಾಸನೆ ಗೊತ್ತಿತ್ತು. ಗಾಳಿಗೂ ತನ್ನೂರ ಹುಡುಗಿ ಗೊತ್ತಿದ್ದಳು. ಯಾಕೆ ಅಳುತ್ತೀ ಎಂದು ಕೇಳಿತು. ಅವಳು ಹೇಳಿದಳು.

"ದಿನಾ ದೂಡ್ತೇನೆ ಮಗಳೇ," ಎಂದಿತು ಗಾಳಿ. "ನಾನು ದೂಡಿದರೆ ಇದು ಜಾರ್ತದೆ. ಸೆರಗು ಹಿಡಿದುಕೊಳ್ಳುವವರು ಒಬ್ಬರು ಬೇಕು."

ಮಂಜಿನ ಸೆರಗನ್ನು ಹಿಡಿಯುವುದು ಯಾವುದರಿಂದ? ಆಗ ಅಂಗಳದ ರಾಶಿ ನೆನಪಾಯಿತು. ಸೋಮಿ ಕಣ್ಣೊರೆಸಿಕೊಂಡು ಮನೆಗೆ ಓಡಿದಳು.

ಒಲೆಯ ಮೇಲಿನ ಗಡಿಗೆ ಇಳಿಸಿದಳು. ಏಳು ವರ್ಷ ಹೊಗೆ ಕುಡಿದ ಉಪ್ಪು. ಒಣಗಿ ಗರಿಗರಿಯಾಗಿತ್ತು. ಎಲ್ಲಿಗೆ ಎಂದು ಅತ್ತೆ ಕೇಳಿದಳು. ಕಡಲು ತೋರಿಸುವುದಕ್ಕೆ ಎಂದಳು ಸೋಮಿ. ದ್ಯಾವಮ್ಮ ಕೋಲು ಹಿಡಿದು ಎದ್ದಳು. ಈರ ತುಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡ. ಹಿಂದೆ ಊರು ಹೊರಟಿತು. ಈ ಸಲ ಏನು ಕರಗುತ್ತದೋ ನೋಡೋಣ ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಗುಡ್ಡದ ತುದಿಯಲ್ಲಿ ಸೋಮಿ ಗಡಿಗೆಯ ಮುಚ್ಚಳ ತೆಗೆದಳು. ಏನದು ಎಂದು ಮಂಜು ಬಗ್ಗಿತು. ಒಳಗೆ ಸೆರಗು ಬಿಟ್ಟಿತು. ಒಣಗಿದ ಉಪ್ಪು, ಏಳು ವರ್ಷದ ಬಾಯಾರಿಕೆ. ಸೆರಗನ್ನು ಹೀರತೊಡಗಿತು. ಮಂಜು ಎಳೆದುಕೊಂಡಿತು, ಬರಲಿಲ್ಲ. ಸೋಮಿ ಟಪ್ಪನೆ ಮುಚ್ಚಳ ಹಾಕಿ ಗಡಿಗೆಯ ಮೇಲೆ ಕೂತುಬಿಟ್ಟಳು.

"ಈಗ ದೂಡು," ಎಂದಳು.

ಕೆಳಗಿನಿಂದ ಗಾಳಿ ಎದ್ದಿತು. ಒಮ್ಮೆ ದೂಡಿತು, ಮಂಜು ನಡುಗಿತು. ಎರಡನೆಯ ಸಲ ದೂಡಿತು, ಮಂಜು ಹಿಗ್ಗಿತು. ಗಡಿಗೆ ಅಲುಗಿತು; ಸೋಮಿ ಅಲುಗಲಿಲ್ಲ. ಮೂರನೆಯ ಸಲ ದೂಡಿತು. ಮಂಜು ಮೇಲಿಂದ ಕೆಳಗಿನವರೆಗೆ ಪರ್ರನೆ ಹರಿಯಿತು.

ಕೆಳಗೆ ಕಾಡು. ಕಾಡಿನ ನಡುವೆ ಅವರದೇ ಹಳ್ಳ, ಬಂಡೆಯಿಂದ ಬಂಡೆಗೆ ಹಾರಿ, ಹೊಳೆಯಾಗಿ, ಬಳುಕಿ ಬಳುಕಿ ಹೋಗುತ್ತಿತ್ತು. ಅದರ ಕೊನೆಯಲ್ಲಿ ಬಿಳಿ ಮರಳು. ಮರಳಿನಾಚೆ ನೀರು. ನೀರಿನಾಚೆ ನೀರು. ಬಿಸಿಲು ಬಿದ್ದು ಕಂಚಿನ ತಟ್ಟೆಯಂತೆ ಮಿನುಗುತ್ತಿತ್ತು.

ನಗಲು ಬಂದವರ ಬಾಯಿ ತೆರೆದಂತೆಯೇ ಉಳಿಯಿತು.

ದ್ಯಾವಮ್ಮ ಕೋಲೂರಿ ಬಹಳ ಹೊತ್ತು ನೋಡಿದಳು.

"ಹೌದಲ್ಲೇ ಮಾರಾಯ್ತಿ, ಅದಕ್ಕೆ ಆಚೆ ದಡವೇ ಇಲ್ವಾ?"

"ಇಲ್ಲ ಅತ್ತೆ."

"ನಾನು ಹೇಳಿದ್ದೆ," ಎಂದ ಈರ. ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದು.

ತುಂಗಿ ಅಪ್ಪನ ಹೆಗಲಿಂದ ಜಾರಿ ಇಳಿದು, ಬಂದು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಊರ ಮಕ್ಕಳ ಕಡೆ ತಿರುಗಿದಳು. ಕೈ ಚಾಚಿ, ಇದು ಅಲೆ, ಅದು ಮರಳು, ಅಲ್ಲಿ ನನ್ನಜ್ಜಿಯ ಮನೆ ಎಂದು ಒಂದೊಂದನ್ನೇ ತೋರಿಸಿದಳು. ಮೊದಲ ಸಲ ನೋಡುತ್ತಿದ್ದವಳು, ಒಂದೂ ತಪ್ಪಲಿಲ್ಲ.

ಅಷ್ಟರಲ್ಲಿ ಗಡಿಗೆಯೊಳಗಿಂದ ಸಣ್ಣ ದನಿ ಬಂತು. ಬಿಟ್ಟುಬಿಡು ಎಂದು ಮಂಜು ಬೇಡುತ್ತಿತ್ತು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಸೋಮಿ ಕೇಳಿದಳು.

"ಕಂಡರೆ ಎಲ್ಲರೂ ಇಳಿದು ಹೋಗ್ತೀರಿ," ಎಂದಿತು ಮಂಜು. "ಆಮೇಲೆ ಈ ಗುಡ್ಡದ ಮೇಲೆ ನಾನೊಬ್ಬನೇ."

ಸೋಮಿಗೆ ಒಂಟಿತನ ಗೊತ್ತಿತ್ತು. ಏಳು ವರ್ಷ ಅನುಭವಿಸಿದ್ದಳು. ಅವಳು ಗಡಿಗೆಯಿಂದ ಎದ್ದಳು.

"ಪೂರ್ತಿ ಕಂಡವರು ಹೋಗ್ತಾರೆ. ಅರ್ಧ ಕಂಡವರು ಮತ್ತೆ ಬರ್ತಾರೆ. ಹತ್ತಿ ಬಂದವರಿಗೆಲ್ಲ ಸ್ವಲ್ಪ ತೋರಿಸು. ಒಂದು ಚಿಟಿಕೆ ಉಪ್ಪು ನಾಲಿಗೆ ಮೇಲೆ ಕರಗುವಷ್ಟು ಹೊತ್ತು. ಸಾಕು."

ಮಂಜು ಒಪ್ಪಿತು. ಸೋಮಿ ಮುಚ್ಚಳ ತೆಗೆದಳು. ಗಡಿಗೆಯಲ್ಲಿ ಉಳಿದಿದ್ದ ಉಪ್ಪುನೀರನ್ನು ಕಡಲ ಗಾಳಿ ಎತ್ತಿ ಗುಡ್ಡದ ಮೇಲೆಲ್ಲ ಎರಚಿತು.

ಸೋಮಿಯ ಮಾತು ಸುಳ್ಳಾಗಲಿಲ್ಲ. ಘಟ್ಟದವರು ಕಡಲಿಗೆ ಇಳಿದರು, ಮರಳಿ ಬಂದರು. ಕಡಲಿನವರು ಘಟ್ಟ ಹತ್ತಿದರು, ಹಿಂದಿರುಗಿದರು, ಮತ್ತೆ ಹತ್ತಿದರು. ಅವರ ಕಾಲಿಗೆ ಸಿಕ್ಕ ಹುಲ್ಲು ಸವೆದು ದಾರಿಯಾಯಿತು. ಮಂಜು ಮತ್ತೆ ಒಂಟಿಯಾಗಲಿಲ್ಲ.

ಮಗಾ, ಮೊನ್ನೆ ನೀವೆಲ್ಲ ಘಟ್ಟದ ತುದಿಗೆ ಹೋಗಿದ್ದಿರಲ್ಲ. ಒಂದು ಗಂಟೆ ನಿಂತರೂ ಬರೀ ಬಿಳಿ. ಏನೂ ಕಾಣುವುದಿಲ್ಲ, ನಡೀರಿ ಎಂದು ದೊಡ್ಡವರು ಜೀಪಿನ ಕಡೆ ತಿರುಗಿದರು. ಆಗ ಮಂಜು ಹರಿಯಿತು, ದೂರದಲ್ಲಿ ಕಡಲು ಮಿನುಗಿತು, ಫೋನು ಹೊರಗೆ ತೆಗೆಯುವುದರೊಳಗೆ ಮುಚ್ಚಿಕೊಂಡಿತು. ಮತ್ತೆ ಬರೋಣ ಎಂದು ನೀನೇ ಮೊದಲು ಅಂದೆ. ಅದಕ್ಕಾಗಿಯೇ ಮಂಜು ಇವತ್ತಿಗೂ ಅಷ್ಟೇ ತೋರಿಸುತ್ತದೆ, ಅಲ್ಲಿ ನಿಂತು ತುಟಿ ಸವರಿಕೊಂಡರೆ ಇವತ್ತಿಗೂ ಒಂದಿಷ್ಟು ಉಪ್ಪುಪ್ಪು.