ಆಯುಧಪೂಜೆಗೆ ಕಾದ ವೈಪ್

ಚೈನಿನ ಜಿಡ್ಡು ಒರೆಸಲೆಂದು ನಂಜುಂಡಪ್ಪ ತನ್ನ ಸೈಕಲ್ ಅಂಗಡಿಗೆ ತಂದಿದ್ದ ಒದ್ದೆ ವೈಪ್‌ಗಳ ಪೊಟ್ಟಣದಲ್ಲಿ ಒಂದೇ ಒಂದು ಉಳಿದಿತ್ತು. ಅವನು ಕೈ ಹಾಕಿದಾಗಲೆಲ್ಲ ಅದು ತಳಕ್ಕೆ ಅಂಟಿಕೊಳ್ಳುತ್ತಿತ್ತು. ಅವನು ಗೊಣಗುತ್ತ ಮೊಳೆಗೆ ನೇತುಹಾಕಿದ್ದ ಹಳೇ ಬನಿಯನ್ ಚೂರನ್ನೇ ಎಳೆದುಕೊಳ್ಳುತ್ತಿದ್ದ.

“ಯಾಕಮ್ಮ, ಕೆಲಸ ಬೇಡವೇ?” ಎಂದಿತು ಗ್ರೀಸ್ ಮೆತ್ತಿದ ಬನಿಯನ್.

“ಬೇಕು, ಆದರೆ ಇಂಥದ್ದಲ್ಲ. ಆಯುಧಪೂಜೆ ಬರಲಿ, ಹೊಸ ಸೈಕಲ್ಲಿನ ಬೆಲ್ ಒರೆಸುತ್ತೇನೆ. ಅಲ್ಲಿಯವರೆಗೆ ನನಗೆ ಒಂದು ಕಲೆಯೂ ತಾಗಬಾರದು.”

“ಪೊಟ್ಟಣದ ಮುಚ್ಚಳ ಸರಿಯಾಗಿ ಕೂತಿಲ್ಲ, ನೋಡಿಕೋ.”

“ಮೊದಲು ನಿನ್ನ ಮೈ ನೋಡಿಕೋ!” ಎಂದಿತು ವೈಪ್.

ಪೂಜೆಯ ದಿನ ಬಂತು. ನಂಜುಂಡಪ್ಪ ಬೆಲ್ ಒರೆಸಲು ಕೈ ಹಾಕಿದ. ಈ ಸಲ ವೈಪ್ ತಾನಾಗಿಯೇ ಎದ್ದು ಬಂತು. ಹಪ್ಪಳದಂತೆ ಒಣಗಿತ್ತು.

“ಥೂ, ಇದೇನಿದು!” ಎಂದು ಅವನು ಕಸದ ಬುಟ್ಟಿಗೆ ಎಸೆದ.

“ನಾನಿನ್ನೂ ಬೆಳ್ಳಗೇ ಇದ್ದೇನೆ!” ಎಂದು ವೈಪ್ ಬುಟ್ಟಿಯೊಳಗಿಂದ ಕೂಗಿಕೊಂಡಿತು.

ನಂಜುಂಡಪ್ಪ ಅಷ್ಟರಲ್ಲಿ ಪಂಪು, ಸ್ಪ್ಯಾನರ್‌ಗಳನ್ನು ಸಾಲಾಗಿ ಜೋಡಿಸಿ, ಪಕ್ಕದಲ್ಲೇ ಬನಿಯನ್ ಚೂರನ್ನೂ ಮಡಿಸಿಟ್ಟು, ಎಲ್ಲಕ್ಕೂ ಕುಂಕುಮ ಇಡುತ್ತಿದ್ದ. ಕರಿ ಬನಿಯನ್ ಮೇಲೆ ಇಟ್ಟ ಕುಂಕುಮ ಕಾಣಲಿಲ್ಲ. ಅವನು ಇನ್ನೊಂದು ಸಲ ಇಟ್ಟ.